ಮಿತಾಕ್ಷರೆಯ ಒಂದು ಮಾತು

ಕಾನೂನಿನಲ್ಲಿ ಬರುವ ಮಾತಿಗೆ ಅರ್ಥ ಹೇಳುವ ಅಧಿಕಾರ ಯಾರದು? ಕಾನೂನನ್ನು ಬರೆದವರದೇ, ಅದನ್ನು ಓದಿ ಪಂಡಿತರೆನಿಸಿಕೊಂಡವರದೇ, ಇಲ್ಲವೆ ಆ ಮಾತನ್ನು ಮನೆಯಲ್ಲಿ, ಸಂತೆಯಲ್ಲಿ ದಿನವೂ ಆಡುವ ಜನರದೇ? ಇದು ವಕೀಲರ ಕೋಣೆಯ ಒಣಚರ್ಚೆ, ನಮಗೇಕೆ ಎಂದು ವಾಚಕರು ಪುಟ ಮಗುಚಬಾರದೆಂದು ಕೇಳಿಕೊಳ್ಳುತ್ತೇನೆ. ಮೂರೇ ಅಕ್ಷರದ ಒಂದು ಪದವನ್ನು ಸುಮ್ಮನೆ ಅದು ಹೇಳುವಂತೆಯೇ ತಿಳಿಯಬೇಕೋ, ಅಥವಾ ಅದಕ್ಕೊಂದು ಗೂಢವಾದ ಶಾಸ್ತ್ರಾರ್ಥವಿದೆಯೆಂದು ಭಾವಿಸಬೇಕೋ ಎಂಬ ಪ್ರಶ್ನೆಯ ಮೇಲೆ ನಮ್ಮ ದೇಶದ ಅಸಂಖ್ಯಾತ ಹೆಂಗಸರ ಹೊಲ, ಮನೆ, ಮುಪ್ಪಿನ ಅನ್ನ ಎಲ್ಲವೂ ನಿಂತಿದ್ದ ಕಾಲವೊಂದಿತ್ತು. ಆ ಪದ ‘ಸ್ತ್ರೀಧನ’. ಅದನ್ನು ಅದು ಹೇಳುವಂತೆಯೇ ತಿಳಿಯಿರಿ ಎಂದು ನಿಸ್ಸಂದೇಹವಾಗಿ ಬರೆದವನು ನಮ್ಮ ಕನ್ನಡನಾಡಿನ ರಾಜಧಾನಿಯೊಂದರಲ್ಲಿ ಬಾಳಿದ ಒಬ್ಬ ಸಂನ್ಯಾಸಿ.

ಈಗ ಬಸವಕಲ್ಯಾಣವೆಂದು ಕರೆಯಿಸಿಕೊಳ್ಳುವ ಬೀದರ ಜಿಲ್ಲೆಯ ಊರು ಆಗ ಚಾಲುಕ್ಯರ ಕಲ್ಯಾಣವಾಗಿತ್ತು. ೧೦೭೬ರಲ್ಲಿ ಪಟ್ಟಕ್ಕೆ ಬಂದು ತನ್ನ ಹೆಸರಿನಲ್ಲೊಂದು ಶಕೆಯನ್ನೇ ಆರಂಭಿಸಿದ ಆರನೆಯ ವಿಕ್ರಮಾದಿತ್ಯ ಸುಮಾರು ಐವತ್ತು ವರ್ಷ ಅಲ್ಲಿ ಆಳಿದ. ಕಾಶ್ಮೀರದಿಂದ ಬಂದ ಬಿಲ್ಹಣ ಕವಿ ಆ ದೊರೆಯ ಚರಿತ್ರೆಯನ್ನು ಕಾವ್ಯವಾಗಿ ಹಾಡಿದ. ಅದೇ ಆಸ್ಥಾನದ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಒಂದು ವ್ಯಾಖ್ಯಾನ ಬರೆದ. ಗ್ರಂಥದ ಕೊನೆಯಲ್ಲಿ ಕಲ್ಯಾಣ ನಗರವನ್ನೂ ತನ್ನ ದೊರೆಯನ್ನೂ ಅವನು ತುಂಬುಬಾಯಿಂದ ಹೊಗಳಿದ್ದಾನೆ. ವ್ಯಾಖ್ಯಾನದ ಹೆಸರು ಮಿತಾಕ್ಷರಾ, ಅಂದರೆ ಅಳತೆಯರಿತ ಅಕ್ಷರಗಳುಳ್ಳದ್ದು. ಬಿಲ್ಹಣನ ಕಾವ್ಯವನ್ನು ರಸಿಕರು ಓದಿದರು. ವಿಜ್ಞಾನೇಶ್ವರನ ಗದ್ಯವನ್ನಾದರೋ, ಬಂಗಾಳದ ಕಡೆಯನ್ನು ಬಿಟ್ಟರೆ, ಹಿಂದೂ ಕುಟುಂಬಗಳ ಆಸ್ತಿಪಾಸ್ತಿಯ ವಿಷಯದಲ್ಲಿ ದೇಶವೆಲ್ಲ ಪ್ರಮಾಣವಾಗಿ ಹಿಡಿಯಿತು. ಸಾಮ್ರಾಜ್ಯಗಳು ಹೋದುವು, ಕಲ್ಯಾಣ ಹಾಳಾಯಿತು, ಲಂಡನ್ನಿನಲ್ಲಿ ಕುಳಿತ ಇಂಗ್ಲಿಷ್ ನ್ಯಾಯಾಧೀಶರೂ ಆ ಗ್ರಂಥದ ಪುಟಗಳನ್ನು ತಿರುವಿಹಾಕಬೇಕಾಯಿತು.

ಅವನು ಮಾಡಿದ್ದೇನೆಂಬುದು ತಿಳಿಯಬೇಕಾದರೆ ನಮ್ಮ ಹಿಂದಿನವರು ಮಾತಿನ ಅರ್ಥವನ್ನು ಹೇಗೆ ಗೊತ್ತುಮಾಡುತ್ತಿದ್ದರೆಂಬುದನ್ನು ಸ್ವಲ್ಪ ನೋಡಬೇಕು. ವೇದವಾಕ್ಯಗಳ ಅರ್ಥನಿರ್ಣಯಕ್ಕಾಗಿ ಹುಟ್ಟಿದ ಮೀಮಾಂಸಾಶಾಸ್ತ್ರವೇ ಧರ್ಮಶಾಸ್ತ್ರದವರಿಗೂ ಅಳತೆಗೋಲಾಗಿತ್ತು. ಅದರ ಪ್ರಕಾರ ಪದವೊಂದು ಅರ್ಥ ಕೊಡುವ ದಾರಿಗಳು ಹಲವು. ತನ್ನ ಅವಯವಗಳ ಬಲದಿಂದಲೇ ಅರ್ಥ ಕೊಡುವುದು ಯೋಗ. ಅಡಿಗೆ ಮಾಡುವವನು ಪಾಚಕ ಎಂಬಂತೆ. ಜನರ ಬಾಯಲ್ಲಿ ನೆಲೆನಿಂತ ಅರ್ಥ ರೂಢಿ. ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದ್ದು ಎಂದರ್ಥವಾದರೂ ಕೆಸರಿನಲ್ಲಿ ಹುಟ್ಟಿದ ಕಪ್ಪೆಯನ್ನು ಯಾರೂ ಪಂಕಜವೆನ್ನುವುದಿಲ್ಲ, ತಾವರೆಯನ್ನೇ ಅನ್ನುತ್ತಾರೆ. ಹೀಗೆ ಎರಡೂ ಎದುರಾದಾಗ ಯೋಗಕ್ಕಿಂತ ರೂಢಿ ಬಲವಾದದ್ದೆಂದು ಶಾಸ್ತ್ರಕಾರರು ಒಪ್ಪಿದ್ದಾರೆ. ಇನ್ನು ಮೂರನೆಯದು ಪರಿಭಾಷೆ. ವೃದ್ಧಿ ಎಂದರೆ ನಮಗೆ ಬೆಳವಣಿಗೆ. ಪಾಣಿನಿಯ ಶಿಷ್ಯರಿಗೆ ಅದು ಆ, ಐ, ಔ ಎಂಬ ಮೂರು ಸ್ವರಗಳ ಹೆಸರು. ಇದು ಶಾಸ್ತ್ರಕಾರನು ತನ್ನ ಅನುಕೂಲಕ್ಕಾಗಿ ಕಟ್ಟಿಕೊಂಡ ಅರ್ಥ. ಹೊರಗಿನವನಿಗೆ ಯಾರಾದರೂ ಹೇಳಿಕೊಡದ ಹೊರತು ಗೊತ್ತಾಗುವ ಬಗೆಯಿಲ್ಲ.

ಈಗ ಯಾಜ್ಞವಲ್ಕ್ಯನ ಕಡೆಗೆ ಬರೋಣ. ಸ್ತ್ರೀಧನವೆಂದರೇನೆಂದು ಹೇಳುವಾಗ ಅವನು ಒಂದು ಪಟ್ಟಿ ಕೊಡುತ್ತಾನೆ. ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು. ಮದುವೆಯಲ್ಲಿ ಅಗ್ನಿಸನ್ನಿಧಿಯಲ್ಲಿ ಬಂದದ್ದು. ಗಂಡ ಇನ್ನೊಬ್ಬಳನ್ನು ಮದುವೆಯಾಗುವಾಗ ಮೊದಲ ಹೆಂಡತಿಯ ಸಮಾಧಾನಕ್ಕೆಂದು ಕೊಡುವ ಆಧಿವೇದನಿಕ. ಕೊನೆಯಲ್ಲಿ ‘ಆದ್ಯ’ ಎಂಬ ಒಂದು ಸಣ್ಣ ಮಾತು, ‘ಮೊದಲಾದದ್ದು’ ಎಂದು. ಇಲ್ಲಿಯೇ ಪ್ರಶ್ನೆ ಹುಟ್ಟುತ್ತದೆ. ಸ್ತ್ರೀಧನವೆಂಬುದು ಪರಿಭಾಷೆಯ ಪದವಾದರೆ, ಪಟ್ಟಿಯಲ್ಲಿ ಹೆಸರಿಸಿದ ಉಡುಗೊರೆಗಳಷ್ಟೇ ಸ್ತ್ರೀಧನ, ಮಿಕ್ಕ ಸ್ವತ್ತು ಹೆಂಗಸಿನ ಕೈಯಲ್ಲಿದ್ದರೂ ಸ್ತ್ರೀಧನವಲ್ಲ. ಸಾಮಾನ್ಯವಾದ ಮಾತೇ ಆದರೆ ಪಟ್ಟಿ ಬರಿಯ ಉದಾಹರಣೆ. ಸ್ತ್ರೀಯ ಧನವೆಲ್ಲವೂ ಸ್ತ್ರೀಧನ.

ವಿಜ್ಞಾನೇಶ್ವರನು ಎರಡನೆಯ ಪಕ್ಷವನ್ನು ಹಿಡಿದ. ಸ್ತ್ರೀಧನಶಬ್ದ ತನ್ನ ಅವಯವಗಳಿಂದಲೇ ಅರ್ಥ ಕೊಡುತ್ತದೆ, ಅದು ಪಾರಿಭಾಷಿಕವಲ್ಲ. ಪದವು ತಾನಾಗಿಯೇ ಕೊಡುವ ಅರ್ಥ ಹೊಂದುತ್ತಿರುವಾಗ ಪರಿಭಾಷೆಯನ್ನು ಕಲ್ಪಿಸುವುದು ಯುಕ್ತವಲ್ಲ. ಅವನು ಹೇಳಿದ್ದರ ತಾತ್ಪರ್ಯ ಇಷ್ಟೇ. ‘ಮೊದಲಾದದ್ದು’ ಎಂಬಲ್ಲಿ ಏನೇನು ಸೇರುತ್ತದೆಂದು ಕೇಳಿದರೆ ಐದನ್ನು ಎಣಿಸಿದ. ವಾರಸಾಗಿ ಬಂದದ್ದು, ಕ್ರಯಕ್ಕೆ ಕೊಂಡದ್ದು, ವಿಭಾಗದಲ್ಲಿ ಸಿಕ್ಕಿದ್ದು, ಒಡೆಯನಿಲ್ಲದ್ದನ್ನು ತನ್ನದಾಗಿಸಿಕೊಂಡದ್ದು, ನಿಧಿಯಂತೆ ದೊರಕಿದ್ದು. ಈ ಐದು ಅವನ ಸ್ವಂತ ಕಲ್ಪನೆಯಲ್ಲ. ಮನುಷ್ಯನೊಬ್ಬ ವಸ್ತುವಿಗೆ ಒಡೆಯನಾಗುವುದು ಯಾವ ಯಾವ ದಾರಿಯಿಂದ ಎಂದು ಗೌತಮನ ಧರ್ಮಸೂತ್ರದಲ್ಲಿ ಹೇಳಿರುವ ದಾರಿಗಳೇ ಅವು. ಇದನ್ನು ಗಮನಿಸಿದಾಗ ನನಗೆ ಆಶ್ಚರ್ಯವಾಯಿತು. ಗಂಡಸು ಒಡೆಯನಾಗುವ ದಾರಿಗಳನ್ನೇ ತಂದು ಹೆಂಗಸಿನ ಮುಂದಿಟ್ಟು, ಇವಳೂ ಹೀಗೆಯೇ ಒಡತಿ ಎಂದು ಹೇಳಿದಂತಾಯಿತು. ಅದನ್ನು ಘೋಷಣೆಯಾಗಿ ಕೂಗಲಿಲ್ಲ. ಪದದ ಅರ್ಥ ಹೇಳುವ ನೆಪದಲ್ಲಿ ಮೆಲ್ಲಗೆ ಹೇಳಿದ.

ಇದಕ್ಕೆ ಅಡ್ಡಬರುವ ಸ್ಮೃತಿವಾಕ್ಯ ಇಲ್ಲದೆ ಇರಲಿಲ್ಲ. ಮನು ಸ್ತ್ರೀಧನ ಆರು ವಿಧವೆಂದು ಎಣಿಸಿಯೇ ಹೇಳಿದ್ದಾನೆ. ಆರು ಎಂದಮೇಲೆ ಏಳನೆಯದು ಎಲ್ಲಿಂದ ಬಂತು? ವಿಜ್ಞಾನೇಶ್ವರನ ಉತ್ತರ ಚಮತ್ಕಾರವಾದದ್ದು. ಆರಕ್ಕೆ ಕಡಿಮೆಯಲ್ಲ ಎಂದು ಹೇಳುವುದಕ್ಕಾಗಿ ಆ ಸಂಖ್ಯೆ. ಆರಕ್ಕೆ ಹೆಚ್ಚಿಲ್ಲ ಎನ್ನುವುದಕ್ಕಲ್ಲ. ನಮ್ಮ ಮನೆಗಳಲ್ಲಿ ಮದುವೆಯ ಮಾತುಕತೆ ನಡೆಯುವಾಗ ‘ನಾಲ್ಕು ಜನ ಬರುತ್ತೇವೆ’ ಎಂದರೆ ಎಲೆಗಳನ್ನು ಎಷ್ಟು ಹಾಕಬೇಕೆಂಬುದು ಯಾವ ಹೆಂಗಸಿಗೂ ಗೊತ್ತು. ಸಂಖ್ಯೆಯನ್ನು ಜನ ಆಡುವ ರೀತಿಯಲ್ಲಿಯೇ ಆ ಸಂನ್ಯಾಸಿಯೂ ಓದಿದ.

ಹಾಗೆಂದು ಅವನನ್ನು ಇಂದಿನ ಸಮಾಜ ಸುಧಾರಕರ ಸಾಲಿನಲ್ಲಿ ಕೂರಿಸಿ ಹಾರ ಹಾಕುವುದು ಸರಿಯಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಸಿದ್ಧಾಂತವನ್ನು ಗಟ್ಟಿಯಾಗಿ ಕಟ್ಟಿದವನೂ ಅವನೇ. ಆ ಹಕ್ಕು ಮಗಳಿಗಿರಲಿಲ್ಲ. ಗಂಡುಮಕ್ಕಳಿಲ್ಲದ ವಿಧವೆಗೆ ಗಂಡನ ಆಸ್ತಿಯೆಲ್ಲ ಸಲ್ಲಬೇಕೆಂದನಾದರೂ ಅದು ಗಂಡ ದಾಯಾದಿಗಳಿಂದ ಭಾಗವಾಗಿ ಬೇರೆ ಇದ್ದಾಗ ಮಾತ್ರ. ಬರಗಾಲ, ಕಾಯಿಲೆ, ಸೆರೆ ಮುಂತಾದ ಆಪತ್ತುಗಳಲ್ಲಿ ಗಂಡ ಹೆಂಡತಿಯ ಧನವನ್ನು ಬಳಸಿದರೆ ಹಿಂದಕ್ಕೆ ಕೊಡಬೇಕಾಗಿಲ್ಲವೆಂಬ ಸ್ಮೃತಿವಾಕ್ಯವನ್ನೂ ಅವನು ತಳ್ಳಿಹಾಕಲಿಲ್ಲ. ಅವನು ತನ್ನ ಕಾಲದವನು. ಆದರೆ ಪದದ ಮೇಲೆ ಬಲಾತ್ಕಾರ ಮಾಡಲು ಅವನ ಮನಸ್ಸು ಒಪ್ಪಲಿಲ್ಲ. ಆ ಪ್ರಾಮಾಣಿಕತೆಯೇ ಅವನನ್ನು ತನ್ನ ಕಾಲಕ್ಕಿಂತ ಮುಂದಕ್ಕೆ ಕರೆದುಕೊಂಡು ಹೋಯಿತೆಂದು ನನ್ನ ಭಾವನೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ರೂಢಿ ಯೋಗಕ್ಕಿಂತ ಬಲವೆಂದು ಮೇಲೆ ಒಪ್ಪಿಯಾಯಿತಲ್ಲ. ಸ್ತ್ರೀಧನವೆಂದರೆ ಜನರ ರೂಢಿಯಲ್ಲಿ ಮೈಮೇಲಿನ ಒಡವೆ, ಪೆಟ್ಟಿಗೆಯ ಸೀರೆ, ತವರಿನ ಬಳುವಳಿ ಇಷ್ಟೇ ಅಲ್ಲವೇ? ಇಂದು ಕೂಡ ಯಾರನ್ನಾದರೂ ಕೇಳಿದರೆ ಚಿನ್ನದ ಹೆಸರೇ ಮೊದಲು ಬಾಯಿಗೆ ಬರುತ್ತದೆ. ಬಂಗಾಳಕ್ಕೆ ಪ್ರಮಾಣವಾದ ದಾಯಭಾಗದ ಕರ್ತೃ ಜೀಮೂತವಾಹನನೂ ಇಂಥ ಸಂಕುಚಿತವಾದ ಅರ್ಥವನ್ನೇ ಹಿಡಿದ. ಗಂಡನ ಹಂಗಿಲ್ಲದೆ ಕೊಡಲು, ಮಾರಲು, ಅನುಭವಿಸಲು ಯಾವುದರ ಮೇಲೆ ಅವಳಿಗೆ ಸ್ವಾತಂತ್ರ್ಯವುಂಟೋ ಅದು ಮಾತ್ರ ಸ್ತ್ರೀಧನವೆಂದು ಅವನ ಮತ.

ಆಕ್ಷೇಪಣೆ ಬಲವಾದದ್ದೇ. ಆದರೆ ರೂಢಿಯೆಂದು ಹೇಳಬೇಕಾದರೆ ಅರ್ಥ ಒಂದೆಡೆ ನೆಲೆನಿಂತಿರಬೇಕು. ಪಂಕಜವೆಂದರೆ ತಾವರೆಯೆಂಬುದರಲ್ಲಿ ಇಬ್ಬರಿಗೆ ಎರಡು ಮಾತಿಲ್ಲ. ಸ್ತ್ರೀಧನದ ವಿಷಯದಲ್ಲಾದರೋ ಮನುವಿನ ಪಟ್ಟಿ ಒಂದು, ಯಾಜ್ಞವಲ್ಕ್ಯನದು ಇನ್ನೊಂದು, ಕಾತ್ಯಾಯನನ ವಿವರಣೆ ಮತ್ತೊಂದು. ಪಟ್ಟಿಗಳೇ ಹೊಂದದಿರುವಾಗ ರೂಢಿ ಎಲ್ಲಿ ನಿಂತಿತು? ಅಲ್ಲದೆ, ಹೆಂಗಸಿನ ಸ್ವತ್ತೆಂದರೆ ಒಡವೆ ಸೀರೆ ಎಂದು ಮನೆಮನೆಯಲ್ಲಿ ಹೇಳುವುದಕ್ಕೆ ಕಾರಣ ಆ ಪದದ ಅರ್ಥ ಅಷ್ಟೇ ಎಂಬುದಲ್ಲ. ಅವಳ ಕೈಗೆ ಬರಗೊಟ್ಟದ್ದು ಅಷ್ಟೇ ಎಂಬುದು. ಜನರ ಮಾತು ಬೇರೆ, ಜನರಲ್ಲಿ ಬಲವುಳ್ಳವರ ಅಭ್ಯಾಸ ಬೇರೆ. ಎರಡಕ್ಕೂ ರೂಢಿಯೆಂಬ ಒಂದೇ ಹೆಸರಿರುವುದರಿಂದ ಮೋಸಹೋಗುವುದು ಸುಲಭ. ಮುಂದಿನ ಏಳೆಂಟು ನೂರು ವರ್ಷಗಳ ಕಥೆ ಈ ಮೋಸದ ಕಥೆಯೇ.

೧೭೭೨ರಲ್ಲಿ ವಾರನ್ ಹೇಸ್ಟಿಂಗ್ಸನು ಕಂಪನಿಯ ನ್ಯಾಯಾಲಯಗಳಿಗೆ ಒಂದು ಏರ್ಪಾಡು ಮಾಡಿದ. ಮದುವೆ, ದಾಯ ಮುಂತಾದ ವಿಷಯಗಳಲ್ಲಿ ಹಿಂದೂಗಳಿಗೆ ಶಾಸ್ತ್ರವೇ ಕಾನೂನು. ಶಾಸ್ತ್ರ ತಿಳಿಯದ ನ್ಯಾಯಾಧೀಶರ ಪಕ್ಕದಲ್ಲಿ ಪಂಡಿತರನ್ನು ಕೂರಿಸಿದರು. ೧೮೧೦ರಲ್ಲಿ ಕೋಲ್‌ಬ್ರೂಕನು ದಾಯಭಾಗವನ್ನೂ ಮಿತಾಕ್ಷರೆಯ ದಾಯಪ್ರಕರಣವನ್ನೂ ಇಂಗ್ಲಿಷಿಗೆ ತಂದ. ಒಳ್ಳೆಯ ವಿದ್ವಾಂಸ, ಸ್ತ್ರೀಧನ ಪಾರಿಭಾಷಿಕ ಪದವಲ್ಲವೆಂಬ ವಾಕ್ಯವನ್ನೂ ಅವನು ಬಿಡದೆ, ಸರಿಯಾಗಿಯೇ ಭಾಷಾಂತರಿಸಿದ. ಪುಸ್ತಕ ಕೈಗೆ ಬಂದಮೇಲೆ ಪಂಡಿತರ ಅಗತ್ಯ ಕಡಿಮೆಯಾಯಿತು. ೧೮೬೪ರಲ್ಲಿ ನ್ಯಾಯಾಲಯದ ಪಂಡಿತರ ಹುದ್ದೆಗಳನ್ನೇ ತೆಗೆದುಹಾಕಿದರು. ಅಲ್ಲಿಂದಾಚೆಗೆ ಕಲ್ಯಾಣದ ಸಂನ್ಯಾಸಿಯ ಸಂಸ್ಕೃತಕ್ಕೆ ಅರ್ಥ ಹೇಳುವ ಹೊಣೆ ಇಂಗ್ಲಿಷ್ ಓದಿದ ನ್ಯಾಯಾಧೀಶರ ಮೇಲೆಯೇ ಪೂರ್ತಿಯಾಗಿ ಬಿತ್ತು. ಅವರ ಮೇಲೆ ಕಡೆಯ ಮಾತು ಲಂಡನ್ನಿನ ಪ್ರಿವಿ ಕೌನ್ಸಿಲಿನದು.

ಪ್ರಿವಿ ಕೌನ್ಸಿಲಿನವರು ಒಂದೊಂದಾಗಿ ಬಾಗಿಲು ಮುಚ್ಚಿದರು. ಗಂಡನಿಂದ ವಾರಸಾಗಿ ಬಂದ ಆಸ್ತಿ ವಿಧವೆಯ ಸ್ತ್ರೀಧನವಲ್ಲವೆಂದು ೧೮೬೭ರಲ್ಲಿ ತೀರ್ಪಾಯಿತು. ತಾಯಿಯಿಂದ ಮಗಳಿಗೆ ವಾರಸಾಗಿ ಬಂದದ್ದು ಕೂಡ, ಅಂದರೆ ಹೆಂಗಸಿನಿಂದ ಹೆಂಗಸಿಗೆ ಇಳಿದದ್ದು ಕೂಡ, ಸ್ತ್ರೀಧನವಲ್ಲವೆಂದು ೧೯೦೩ರಲ್ಲಿ ಹೇಳಿದರು. ವಿಭಾಗಕಾಲದಲ್ಲಿ ತಾಯಿಗೆ ಸಿಕ್ಕ ಪಾಲೂ ಸ್ತ್ರೀಧನವಲ್ಲವೆಂದು ೧೯೧೨ರಲ್ಲಿ ನಿರ್ಣಯವಾಯಿತು. ವಿಜ್ಞಾನೇಶ್ವರನು ಎಣಿಸಿದ ಐದರಲ್ಲಿ ಹೆಂಗಸಿಗೆ ನಿಜವಾಗಿ ಭೂಮಿಕಾಣಿ ತಂದುಕೊಡಬಲ್ಲ ದಾರಿಗಳು ವಾರಸು, ವಿಭಾಗ ಇವೆರಡೇ. ಎರಡನ್ನೂ ಹೊರಗಿಟ್ಟರು. ಮಿತಾಕ್ಷರೆಯ ಮಾತು ಅವರ ಕಣ್ಣಿಗೆ ಬೀಳದೆ ಇರಲಿಲ್ಲ. ಆದರೆ ಬೇರೆ ಸ್ಮೃತಿಗಳ ವಚನಗಳು, ಬೇರೆ ನಿಬಂಧಕಾರರ ಮತ, ತಮ್ಮವೇ ಹಿಂದಿನ ತೀರ್ಪುಗಳು ಇವೆಲ್ಲ ಕೂಡಿ ಆ ಮಾತಿಗಿಂತ ಭಾರವಾದುವು. ಬಿಡಿಸಿ ಹೇಳಿದರೆ ಮಗುವಿಗೂ ತಿಳಿಯುವ ಪದ ಪರಿಭಾಷೆಯಾಗಿಹೋಯಿತು.

ಹೀಗೆ ಹುಟ್ಟಿದ್ದು ‘ಸೀಮಿತ ಸ್ವಾಮ್ಯ’ ಎಂಬ ವಿಚಿತ್ರ ವಸ್ತು. ಹೊಲ ಅವಳದು, ಉಳಿಸಬಹುದು, ಬೆಳೆ ತಿನ್ನಬಹುದು. ಕಂದಾಯದ ರಸೀತಿ ಅವಳ ಹೆಸರಿಗೇ ಬರುತ್ತದೆ. ಮಾರಬೇಕೆಂದರೆ ಮಾತ್ರ ಕಾನೂನು ಒಪ್ಪುವಂಥ ಅಗತ್ಯ ತೋರಿಸಬೇಕು. ಗಂಡನ ಸಾಲ, ಅವನ ಉತ್ತರಕ್ರಿಯೆ, ಮಗಳ ಮದುವೆ, ತನ್ನ ಹೊಟ್ಟೆಬಟ್ಟೆ ಮುಂತಾದವು ಅಗತ್ಯಗಳು. ಅವಳು ಸತ್ತರೆ ಆಸ್ತಿ ಅವಳ ವಾರಸುದಾರರಿಗೆ ಹೋಗದೆ, ಅವಳಿಗೆ ಮೊದಲು ಯಾರದಾಗಿತ್ತೋ ಅವರ ಕಡೆಯವರಿಗೆ, ಎಂದರೆ ಬಹುಮಟ್ಟಿಗೆ ಗಂಡನ ದಾಯಾದಿಗಳಿಗೆ ಹಿಂದಿರುಗುತ್ತದೆ. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ವಿಧವೆಯ ಹೊಲ ಕೊಳ್ಳಲು ಬಂದವನು, ನಾಳೆ ದಾವೆ ಬಂದೀತೆಂದು ಹೆದರಿ, ದಾಯಾದಿಗಳೂ ಕ್ರಯಪತ್ರಕ್ಕೆ ಒಪ್ಪಿಗೆಯ ರುಜು ಹಾಕಲಿ ಎನ್ನುವನು. ರುಜುವಿಗೆ ಬೆಲೆಯುಂಟೆಂದು ದಾಯಾದಿಗಳಿಗೂ ಗೊತ್ತು. ಹೀಗೆ ಅವಳ ಎಕರೆಗೆ ಕಡಿಮೆ ಬೆಲೆ. ಬಂದ ಬೆಲೆಯಲ್ಲೂ ಪಾಲು. ರುಜು ಹಾಕದವರು ಅವಳು ಕಣ್ಣುಮುಚ್ಚುವುದನ್ನೇ ಕಾದಿದ್ದು, ಮಾರಾಟ ಅಗತ್ಯಕ್ಕಾಗಿ ನಡೆದದ್ದಲ್ಲವೆಂದು ನ್ಯಾಯಾಲಯಕ್ಕೆ ಹೋಗುವರು. ಆಕೆ ಕಾಶಿಗೆ ಹೋದದ್ದು ಅಗತ್ಯವೋ ಅಲ್ಲವೋ, ಮೊಮ್ಮಗಳಿಗೆ ಮಾಡಿಸಿದ ಬಳೆ ಅಗತ್ಯವೋ ಅಲ್ಲವೋ ಎಂದು, ಅವಳು ಬದುಕಿಲ್ಲದಾಗ, ವಕೀಲರು ವಾದಿಸುವರು. ವಿಧವೆಯರ ಪರಭಾರೆಗಳನ್ನು ಕುರಿತ ಇಂಥ ವ್ಯಾಜ್ಯಗಳಿಂದ ಕಾನೂನಿನ ವರದಿ ಪುಸ್ತಕಗಳ ಹಳೆಯ ಸಂಪುಟಗಳು ತುಂಬಿಹೋಗಿವೆ.

ಮುಂಬಯಿಯ ನ್ಯಾಯಾಲಯಗಳು ಮಾತ್ರ ಸ್ವಲ್ಪ ಬೇರೆ ಹಾದಿ ಹಿಡಿದುವು. ಅಲ್ಲಿನ ಶಾಸ್ತ್ರಿಗಳು ಕೊಟ್ಟ ಉತ್ತರಗಳನ್ನು ವೆಸ್ಟ್ ಮತ್ತು ಬ್ಯೂಲರ್ ಎಂಬ ಇಬ್ಬರು ವಿದ್ವಾಂಸರು ೧೮೬೦ರ ದಶಕದಲ್ಲಿ ಸಂಗ್ರಹಿಸಿ ಅಚ್ಚುಮಾಡಿದ್ದರು. ಆ ಪ್ರಾಂತದಲ್ಲಿ ಗಂಡನಿಂದ ವಿಧವೆಗೆ ಬಂದ ಭೂಮಿಗೆ ಕಟ್ಟುಪಾಡು ಉಳಿದರೂ, ತಂದೆಯಿಂದ ಮಗಳಿಗೆ ಬಂದ ಆಸ್ತಿಗೆ ಮಗಳು ಪೂರ್ಣ ಒಡತಿಯೆಂದು ಮಿತಾಕ್ಷರೆಯ ಜಾಡಿನಲ್ಲೇ ತೀರ್ಮಾನವಾಯಿತು. ಇದರಿಂದ ಕನ್ನಡನಾಡಿಗೆ ಆದದ್ದನ್ನು ನೋಡಿ. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿಗೆ ಸೇರಿದ್ದುವು. ಬಳ್ಳಾರಿ ಮದರಾಸಿಗೆ ಸೇರಿತ್ತು. ಗಂಡುಮಕ್ಕಳಿಲ್ಲದ ತಂದೆ ತೀರಿಕೊಂಡರೆ ಧಾರವಾಡದ ಮಗಳು ಹೊಲದ ಒಡತಿ; ಬಳ್ಳಾರಿಯ ಮಗಳು ಬದುಕಿರುವವರೆಗೆ ಕಾವಲುಗಾತಿ. ಆಡುವ ಮಾತು ಒಂದೇ, ಪ್ರಮಾಣಗ್ರಂಥ ಒಂದೇ, ಆ ಗ್ರಂಥ ಹುಟ್ಟಿದ ಊರೂ ಇಬ್ಬರಿಗೂ ದೂರದ್ದಲ್ಲ. ನಡುವೆ ಇದ್ದದ್ದು ಪ್ರಾಂತದ ಗಡಿಯ ಒಂದು ಗೆರೆ.

ಮಧುರೆಯ ಜಿಲ್ಲಾಧಿಕಾರಿ ಕಕ್ಷಿಯಾಗಿದ್ದ ೧೮೬೮ರ ಪ್ರಸಿದ್ಧವಾದ ದತ್ತಕದ ವ್ಯಾಜ್ಯದಲ್ಲಿ ಇದೇ ಪ್ರಿವಿ ಕೌನ್ಸಿಲ್ ಒಂದು ಸೂತ್ರ ಹೇಳಿತ್ತು. ಹಿಂದೂ ಧರ್ಮಶಾಸ್ತ್ರದಲ್ಲಿ, ಆಚಾರವು ಸ್ಪಷ್ಟವಾಗಿ ಸಿದ್ಧಪಟ್ಟರೆ ಅದು ಗ್ರಂಥದ ವಚನಕ್ಕಿಂತ ಮೇಲು ಎಂದು. ಕೇಳುವುದಕ್ಕೆ ಇದು ಜನರ ಪರವಾದ ಮಾತೇ. ಆದರೆ ಆಚಾರ ಯಾರದು, ಅದಕ್ಕೆ ಸಾಕ್ಷಿ ಯಾರು? ಪಂಡಿತನ ಅಭಿಪ್ರಾಯ, ಮನೆಯ ಯಜಮಾನನ ಹೇಳಿಕೆ, ಹಿಂದಿನ ತೀರ್ಪು. ಹೆಂಗಸನ್ನು ಕರೆದು, ‘ತಾಯಿ, ನಿಮ್ಮದು ಎಂದು ನೀವು ಯಾವುದನ್ನು ಅನ್ನುತ್ತೀರಿ?’ ಎಂದು ಕೇಳುವ ಪದ್ಧತಿ ಎಲ್ಲಿತ್ತು?

ವಿಚಿತ್ರವೆಂದರೆ ಮೀಮಾಂಸಕರು ಈ ‘ಯಾರದು’ ಎಂಬ ಪ್ರಶ್ನೆಯನ್ನೂ ಬಿಟ್ಟಿರಲಿಲ್ಲ. ವೇದದಲ್ಲಿ ಪಿಕ, ನೇಮ ಮುಂತಾದ ಕೆಲವು ಪದಗಳು ಬರುತ್ತವೆ. ಆರ್ಯರ ಮಾತಿನಲ್ಲಿ ಅವಕ್ಕೆ ಬಳಕೆಯಿಲ್ಲ, ಮ್ಲೇಚ್ಛರಲ್ಲಿ ಉಂಟು. ಮ್ಲೇಚ್ಛರು ಪಿಕವೆಂದರೆ ಕೋಗಿಲೆಯೆನ್ನುತ್ತಾರೆ, ನೇಮವೆಂದರೆ ಅರ್ಧವೆನ್ನುತ್ತಾರೆ. ಹಾಗಿದ್ದರೆ ಪಂಡಿತರು ವ್ಯಾಕರಣ ನಿರುಕ್ತಗಳಿಂದ ಎಳೆದಾಡಿ ಅರ್ಥ ಹುಟ್ಟಿಸಬೇಕೋ, ಮ್ಲೇಚ್ಛರ ಅರ್ಥವನ್ನೇ ಒಪ್ಪಬೇಕೋ? ಮ್ಲೇಚ್ಛರ ಅರ್ಥವನ್ನೇ ಒಪ್ಪಬೇಕೆಂದು ಸಿದ್ಧಾಂತವಾಯಿತು. ವೇದವಾಕ್ಯಕ್ಕೆ ಅರ್ಥ ಹೇಳುವಾಗ, ವೇದದ ಅಧಿಕಾರವೇ ಇಲ್ಲದವನ ನಾಲಗೆಗೆ ಮನ್ನಣೆ! ಆ ಪದವನ್ನು ನಿಜವಾಗಿ ಬಳಸುವವನು ಅವನು, ಆದ್ದರಿಂದ ಅದರ ವಿಷಯದಲ್ಲಿ ಅವನೇ ಪ್ರಮಾಣ.

ಈ ಸಂದರ್ಭದಲ್ಲಿ ಕುಮಾರಿಲಭಟ್ಟನು ನಮ್ಮ ದಕ್ಷಿಣದ ಮಾತುಗಳನ್ನು ತಂದು ಒಂದು ತಮಾಷೆ ಮಾಡಿದ್ದಾನೆ. ದ್ರಾವಿಡರು ಅನ್ನಕ್ಕೆ ಚೋರ್ ಎನ್ನುತ್ತಾರೆ. ಸಂಸ್ಕೃತ ಬಲ್ಲವನು ಅದನ್ನು ಚೋರನಾಗಿ ಮಾಡಿಬಿಡುತ್ತಾನೆ. ಹಾವಿಗೆ ಅವರು ಹೇಳುವ ಹೆಸರನ್ನು ಕೇಳಿ ಪಾಪವೆಂದು ತಿದ್ದಿಕೊಂಡು, ಹೌದು, ಹಾವು ಪಾಪಿಯೇ ಸರಿ ಎಂದು ತಲೆದೂಗುತ್ತಾನೆ. ನಮ್ಮ ಹಳಗನ್ನಡದ ‘ಪಾವು’ ಆ ಹೆಸರಿನ ಒಡಹುಟ್ಟಿದ್ದೇ. ಆಡುವವನನ್ನು ಕೇಳದೆ ತನ್ನ ಪಾಂಡಿತ್ಯದಿಂದ ಅರ್ಥ ಕಟ್ಟುವವನಿಗೆ ಅನ್ನವೂ ಕಳ್ಳನಾಗಿ ಕಾಣುತ್ತದೆಂಬುದು ಇದರ ಸಾರ. ಸಾವಿರದ ಮುನ್ನೂರು ವರ್ಷದ ಹಿಂದಿನ ಈ ಹಾಸ್ಯವನ್ನು ಲಂಡನ್ನಿನ ನ್ಯಾಯಾಧೀಶರಿಗೆ ಯಾರಾದರೂ ಹೇಳಬೇಕಾಗಿತ್ತೆಂದು ನನಗೆ ಅನ್ನಿಸುತ್ತದೆ. ವಿಧವೆ ತನ್ನದೆಂದು ಹೇಳಿದ್ದನ್ನು ಅವರು ದಾಯಾದಿಗಳದೆಂದು ಕೇಳಿಸಿಕೊಂಡರು.

ಹಿಂದಿನ ಅರ್ಥವನ್ನು ಮರಳಿ ತರುವ ಕೆಲಸ ಕೊನೆಗೆ ಶಾಸನಸಭೆಗಳಿಂದಲೇ ಆಗಬೇಕಾಯಿತು. ಅದರಲ್ಲಿ ಮೈಸೂರು ಸಂಸ್ಥಾನದ್ದು ಮುಂದಿನ ಹೆಜ್ಜೆ. ೧೯೩೩ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನಿನಲ್ಲಿ, ಸೀಮಿತ ಸ್ವಾಮ್ಯವೆಂದು ಬೇರೆಯಾಗಿ ಗೊತ್ತಾದದ್ದನ್ನು ಬಿಟ್ಟು, ಹೆಂಗಸಿಗೆ ಸೇರಿದ ಎಲ್ಲ ಬಗೆಯ ಆಸ್ತಿಯೂ ಸ್ತ್ರೀಧನವೆಂದು ಅರ್ಥ ಬರೆದರು. ಹೆಂಗಸಿನಿಂದ ಹೆಂಗಸಿಗೆ ವಾರಸಾಗಿ ಬಂದದ್ದನ್ನೂ ಅದರಲ್ಲಿ ಸೇರಿಸಿದರು. ಪ್ರಿವಿ ಕೌನ್ಸಿಲ್ ೧೯೦೩ರಲ್ಲಿ ಮುಚ್ಚಿದ ಬಾಗಿಲು ಮೈಸೂರಿನಲ್ಲಿ ತೆರೆಯಿತು. ಬ್ರಿಟಿಷ್ ಇಂಡಿಯಾದಲ್ಲಿ ೧೯೩೭ರಲ್ಲಿ, ದೇಶಮುಖರ ಪ್ರಯತ್ನದಿಂದ, ವಿಧವೆಗೆ ಗಂಡನ ಆಸ್ತಿಯಲ್ಲಿ ಪಾಲು ಕೊಡುವ ಕಾನೂನಾಯಿತಾದರೂ ಆ ಪಾಲು ಮತ್ತೆ ಸೀಮಿತ ಸ್ವಾಮ್ಯವೇ ಆಗಿತ್ತು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರ ಅಧ್ಯಕ್ಷತೆಯ ಹಿಂದೂ ಕಾನೂನು ಸಮಿತಿ ಈ ಕಟ್ಟುಪಾಡನ್ನು ತೆಗೆದುಹಾಕಬೇಕೆಂದು ಸಲಹೆ ಮಾಡಿತು. ಹಿಂದೂ ಕೋಡ್ ಬಿಲ್ಲಿನ ಹೋರಾಟ, ೧೯೫೧ರಲ್ಲಿ ಅಂಬೇಡ್ಕರರ ರಾಜೀನಾಮೆ ಎಲ್ಲರಿಗೂ ತಿಳಿದ ಸಂಗತಿಗಳು.

೧೯೫೬ರ ಜೂನ್ ೧೭ರಂದು ಹಿಂದೂ ಉತ್ತರಾಧಿಕಾರ ಅಧಿನಿಯಮ ಜಾರಿಗೆ ಬಂತು. ಅದರ ೧೪ನೆಯ ಪ್ರಕರಣ ಹಿಂದೂ ಸ್ತ್ರೀಯ ಸ್ವಾಧೀನದಲ್ಲಿರುವ ಆಸ್ತಿಗೆ ಅವಳೇ ಪೂರ್ಣ ಒಡತಿಯೆಂದು ಸಾರಿತು. ಆಸ್ತಿಯೆಂದರೇನೆಂದು ವಿವರಿಸುತ್ತ ವಾರಸು, ಮರಣಶಾಸನ, ವಿಭಾಗ, ಜೀವನಾಂಶ, ಕೊಡುಗೆ, ಸ್ವಂತ ದುಡಿಮೆ, ಕ್ರಯ, ಬಹುಕಾಲದ ಅನುಭೋಗ ಎಂದು ಪಟ್ಟಿಕೊಟ್ಟು, ಕೊನೆಗೆ ಬೇರೆ ಯಾವ ರೀತಿಯಿಂದ ಬಂದದ್ದಾದರೂ ಸರಿ ಎಂದು ಸೇರಿಸಿತು. ಈ ಪಟ್ಟಿಯನ್ನು ವಿಜ್ಞಾನೇಶ್ವರನ ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು. ಪಾರ್ಲಿಮೆಂಟಿನವರು ಅವನನ್ನು ನೋಡಿ ಬರೆದರೆಂದು ನಾನು ಹೇಳುವುದಿಲ್ಲ. ಆದರೆ ಯಾಜ್ಞವಲ್ಕ್ಯನ ‘ಆದ್ಯ’ ಎಂಬ ಎರಡಕ್ಷರದಲ್ಲಿ ಅವನು ಓದಿದ್ದನ್ನೇ, ಯಾರೂ ಬೇರೆ ಅರ್ಥ ಮಾಡಬಾರದೆಂದು, ಅವರು ಉದ್ದವಾಗಿ ಬಿಡಿಸಿ ಬರೆದಂತಿದೆ.

ಬೇರೆ ಅರ್ಥ ಮಾಡುವ ಪ್ರಯತ್ನ ಆದರೂ ನಿಲ್ಲಲಿಲ್ಲ. ‘ಸ್ವಾಧೀನದಲ್ಲಿರುವ’ ಎಂದರೆ ಏನು? ಆ ದಿನ ಹೊಲದಲ್ಲಿ ಅವಳು ಕಾಲೂರಿ ನಿಂತಿರಬೇಕೇ? ಕನ್ನಡದ ಮಠವೊಂದರ ಹೆಸರನ್ನು ಹೊತ್ತ ಒಂದು ದಾವೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಒಬ್ಬ ವಿಧವೆಯ ವಿರುದ್ಧ ಗಂಡನ ಕಡೆಯ ವಾರಸುದಾರನು ಹೂಡಿದ್ದ ದಾವೆ ಅದು. ಸ್ವಾಧೀನವೆಂಬ ಮಾತನ್ನು ಅದರ ವಿಶಾಲವಾದ ಅರ್ಥದಲ್ಲಿ ತೆಗೆದುಕೊಳ್ಳಬೇಕು. ಒಡೆತನವಿರುವುದು, ಕೈಯಲ್ಲಿ ಅಥವಾ ಅಂಕೆಯಲ್ಲಿ ಇರುವುದು ಎಂದಷ್ಟೇ ಅದರ ಅರ್ಥ ಎಂದು ನ್ಯಾಯಮೂರ್ತಿಗಳು ಹೇಳಿದರು. ಅವಳು ಪೂರ್ಣ ಒಡತಿಯಾದಳು, ದಾವೆ ಬಿತ್ತು. ಜೀವನಾಂಶಕ್ಕಾಗಿ ಬದುಕಿರುವವರೆಗೆ ಮಾತ್ರ ಎಂದು ಬರೆದುಕೊಟ್ಟ ಆಸ್ತಿಗೂ ಅವಳು ಪೂರ್ಣ ಒಡತಿಯೆಂದು ೧೯೭೭ರ ಇನ್ನೊಂದು ತೀರ್ಪು ಹೇಳಿತು. ಆಮೇಲೆ ನಮ್ಮ ರಾಜ್ಯದಲ್ಲಿ ೧೯೯೪ರಲ್ಲಿ, ಆಗ ಮದುವೆಯಾಗಿರದಿದ್ದ ಹೆಣ್ಣುಮಕ್ಕಳಿಗೆ, ದೇಶಕ್ಕೆಲ್ಲ ೨೦೦೫ರಲ್ಲಿ ಮದುವೆಯ ಭೇದವಿಲ್ಲದೆ, ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಮಗನಂತೆ ಹಕ್ಕು ಬಂತು. ಇದು ಮಿತಾಕ್ಷರೆಯನ್ನೂ ದಾಟಿದ ಮಾತು.

ಇಷ್ಟೆಲ್ಲ ಹೇಳಿದ್ದು ಹಿಂದಿನವರೇ ಎಲ್ಲವನ್ನೂ ಕಂಡಿದ್ದರೆಂದು ಬೀಗುವುದಕ್ಕಲ್ಲ. ಒಂದು ಪದವನ್ನು ಜನರ ಬಾಯಿಂದ ಕಿತ್ತು ಬಲ್ಲವರ ವಶಕ್ಕೆ ಕೊಟ್ಟಾಗ, ಆ ಚರ್ಚೆಯ ಕೋಣೆಗೆ ಪ್ರವೇಶವಿಲ್ಲದವರು ಏನನ್ನಾದರೂ ಕಳೆದುಕೊಳ್ಳುತ್ತಾರೆ. ಅದನ್ನು ಹಿಂದಕ್ಕೆ ಪಡೆಯಲು ತಲೆಮಾರುಗಳು ಬೇಕಾಗುತ್ತವೆ. ೧೮೬೭ರ ತೀರ್ಪಿನಿಂದ ೧೯೫೬ರ ಕಾನೂನಿಗೆ ಎಂಬತ್ತೊಂಬತ್ತು ವರ್ಷ. ಎಷ್ಟೋ ಹೆಂಗಸರು ತಮ್ಮದನ್ನು ತಮ್ಮದೆನ್ನಲಾರದೆ ಬಾಳಿ ತೀರಿಕೊಂಡ ಕಾಲ ಅದು.

ಕಾನೂನಿನ ಪುಸ್ತಕದಲ್ಲಿ ಈಗ ಅರ್ಥ ಸ್ಪಷ್ಟವಾಗಿದೆ. ಆದರೆ ಉಪನೋಂದಣಾಧಿಕಾರಿಯ ಕಚೇರಿಯ ಜಗಲಿಯಲ್ಲಿ ಅಕ್ಕತಂಗಿಯರು ಸಾಲಾಗಿ ಕುಳಿತು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುವುದನ್ನು ಇಂದೂ ಕಾಣಬಹುದು. ಅರಿಶಿನ ಕುಂಕುಮಕ್ಕೆಂದು ಇಷ್ಟು ಕೊಟ್ಟೆವು, ಮದುವೆಗೆ ಅಷ್ಟು ಖರ್ಚಾಯಿತು, ಇನ್ನೇನು ಬೇಕು ಎನ್ನುತ್ತದೆ ಮನೆ. ಯಾಜ್ಞವಲ್ಕ್ಯನ ಪಟ್ಟಿ ಅಲ್ಲಿ ಇನ್ನೂ ನಡೆಯುತ್ತಿದೆ. ‘ಆದ್ಯ’ ಮಾತ್ರ ಬಿಟ್ಟುಹೋಗಿದೆ. ನ್ಯಾಯಾಲಯ ಮಾತಿಗೆ ಸರಿಯಾದ ಅರ್ಥ ಹೇಳಿದರೆ ಸಾಲದು. ಆ ಅರ್ಥ ಮನೆಯ ರೂಢಿಯೂ ಆಗಬೇಕು. ಸ್ತ್ರೀಯ ಧನ ಸ್ತ್ರೀಧನ ಎಂಬ ಸರಳವಾದ ಮಾತು ಕಲ್ಯಾಣದಿಂದ ಹೊರಟು ಒಂಬೈನೂರು ವರ್ಷವಾಯಿತು. ಲಂಡನ್ನಿಗೆ ಹೋಗಿ ದಿಲ್ಲಿಗೆ ಬಂದ ಆ ಮಾತಿಗೆ ನಮ್ಮ ಹೊಸಿಲನ್ನು ದಾಟುವುದೊಂದು ಉಳಿದಿದೆ.